ಶಿವಮೊಗ್ಗದ ಮಸರತ್

ಸುಳ್ಳು ಹೇಳಬೇಕು ಅಂತ ಮಸರತ್ ಹೇಳಿದ್ದಲ್ಲ. ಹೊನ್ನಾಳಿಯ ಡಿಗ್ರಿ ಕಾಲೇಜಿಗೆ ಸೇರಿದ ಮೊದಲ ದಿನ ಪಕ್ಕದಲ್ಲಿ ಕೂತಿದ್ದ ಉದ್ದ ಜಡೆಯ ಹುಡುಗಿ, "ಯಾವೂರು ನಿಮ್ದು?" ಅಂತ ಕೇಳಿದಳು. ಅವಳು ಮಮತಾ, ಜಗಳೂರು ಕಡೆಯವಳು, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದಲು ಬಂದವಳು. ಮಸರತ್ "ಸವಳಂಗ" ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಬೆಂಚಿನಿಂದ ಒಬ್ಬ "ದಾವಣಗೆರೆ" ಅಂದ, ಇನ್ನೊಬ್ಬಳು "ಹರಿಹರ" ಅಂದಳು. ಕಿವಿಗೆ ಬಿದ್ದದ್ದೆಲ್ಲ ದೊಡ್ಡ ಊರುಗಳೇ. ಮಸರತ್‌ಳ ಬಾಯಿಂದ "ಶಿವಮೊಗ್ಗ" ಅಂತ ಹೊರಬಿತ್ತು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಮತಾ ಕೇಳುವುದರಲ್ಲಿ ಎತ್ತಿದ ಕೈ. ಮನೆ ಎಲ್ಲೈತೆ, ಮಹಡಿ ಐತಾ, ಮಹಡಿ ಮೇಲೆ ಏನೈತೆ, ಹೀಗೆ ದಿನಕ್ಕೊಂದು ಪ್ರಶ್ನೆ. ತಿಂಗಳಾಗುವುದರೊಳಗೆ ಮಸರತ್‌ಳ ಶಿವಮೊಗ್ಗದ ಮನೆಗೆ ಮಹಡಿ ಎದ್ದಿತ್ತು, ಮಹಡಿಗೆ ಬಾಲ್ಕನಿ ಬಂದಿತ್ತು, ಬಾಲ್ಕನಿಯಲ್ಲಿ ಉಯ್ಯಾಲೆ ತೂಗುತ್ತಿತ್ತು. ಬಸ್ಸೂ ಅವಳಿಗೆ ಸಹಾಯ ಮಾಡಿತು. ಬೆಳಿಗ್ಗೆಯ ಬಸ್ಸು ಶಿವಮೊಗ್ಗದಿಂದ ಸವಳಂಗಕ್ಕೆ ಬಂದು, ಅಲ್ಲಿಂದ ನ್ಯಾಮತಿ ದಾಟಿ ಹೊನ್ನಾಳಿಗೆ ಹೋಗುತ್ತದೆ. ಅವಳು ಹತ್ತುವುದು ಸವಳಂಗದಲ್ಲಿ. ಅದೇ ಕ್ಲಾಸಿನ ಕಲ್ಲೇಶ್ ಹತ್ತುವುದು ನ್ಯಾಮತಿಯಲ್ಲಿ. ಅವನು ಹತ್ತುವಾಗ ಅವಳು ಆಗಲೇ ಕಿಟಕಿ ಪಕ್ಕ ಕೂತಿರುತ್ತಿದ್ದಳು. "ಪಾಪ, ಅಷ್ಟು ದೂರದಿಂದ ದಿನಾ ಬರ್ತಾಳೆ, ನಾನೇ ಕಣ್ಣಾರೆ ನೋಡ್ತೀನಿ" ಅಂತ ಅವನು ತಾನಾಗಿಯೇ ಎಲ್ಲರಿಗೂ ಸಾಕ್ಷಿ ಹೇಳುತ್ತಿದ್ದ.

ಹೀಗಿರುವಾಗ ಸಮಾಜಶಾಸ್ತ್ರದ ದುರ್ಗಾಂಬಿಕಾ ಮೇಡಂ ಒಂದು ದಿನ ಸ್ಟೀಲಿನ ಟಿಫಿನ್ ಡಬ್ಬಿ ಹಿಡಿದುಕೊಂಡು ಕ್ಲಾಸಿಗೆ ಬಂದರು.

"ಎಂಬತ್ತು ಜನ ಇದ್ದೀರಿ. ವರ್ಷ ಕಳೆದರೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಾಗಲ್ಲ. ಅದಕ್ಕೆ ಮೊದಲ ವರ್ಷದೋರಿಗೆ ಒಂದು ಹೊಸ ಪದ್ಧತಿ ಮಾಡೀವಿ. ಇಪ್ಪತ್ತಿಪ್ಪತ್ತು ಜನರ ನಾಲ್ಕು ಗುಂಪು. ಒಂದೊಂದು ಗುಂಪಿಗೆ ಒಂದೊಂದು ಊರು. ಪ್ರತಿ ಗುರುವಾರ ಆ ಊರಿಗೆ ಹೋಗಬೇಕು. ಕನ್ನಡದೋರು ಅಲ್ಲಿನ ಮಾತು ಕಲಿಸ್ತಾರೆ, ಭೂಗೋಳದೋರು ಅಲ್ಲಿನ ಕೆರೆ ತೋರಿಸ್ತಾರೆ, ನಾನು ಮನೆ ಮನೆಗೆ ಕರ್ಕಂಡು ಹೋಗ್ತೀನಿ. ಇಡೀ ವರ್ಷ ಆ ಊರೇ ನಿಮ್ಮ ಪಾಠ."

ಡಬ್ಬಿಯಲ್ಲಿ ನಾಲ್ಕು ಚೀಟಿ ಇದ್ದವು: ಸಂತೇಬೆನ್ನೂರು, ಚನ್ನಗಿರಿ, ಹೊನ್ನಾಳಿಯ ಹೊಳೆದಂಡೆ, ಸವಳಂಗ. ನಾಲ್ಕರಲ್ಲಿ ಮೂರು ತನ್ನ ಪರವಾಗಿವೆ ಅಂತ ಮಸರತ್ ಧೈರ್ಯ ತಂದುಕೊಂಡಳು. ಅವಳ ಗುಂಪಿನ ಪರವಾಗಿ ಮಮತಾ ಎದ್ದು ಹೋಗಿ, ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿ ಬಿಡಿಸಿದಳು.

"ಸವಳಂಗ," ಅಂತ ಓದಿ ಮಸರತ್‌ಳ ಕಡೆ ತಿರುಗಿದಳು. "ಇದೆಲ್ಲೈತೆ, ನಿಮಗೇನಾದ್ರೂ ಗೊತ್ತಾ?"

"ದಾರೀಲಿ ಎಲ್ಲೋ ಬರುತ್ತೆ," ಅಂದಳು ಮಸರತ್.

ಮಧ್ಯಾಹ್ನವೇ ಅವಳು ಮೇಡಂ ಬಳಿ ಹೋಗಿ ಗುಂಪು ಬದಲಾಯಿಸಿಕೊಡಿ ಅಂತ ಕೇಳಿಕೊಂಡಳು. "ಸವಳಂಗದಲ್ಲಿ ನೋಡಾಕೆ ಏನೂ ಇಲ್ಲ ಮೇಡಂ. ಬಸ್ಸಿಂದ ನೋಡೀನಿ."

"ಹಂಗಾದ್ರೆ ಇಳಿದು ನೋಡು," ಅಂದರು ಮೇಡಂ. ಹಾಜರಾತಿಗೆ ಮಾರ್ಕ್ಸ್ ಇದೆ ಅಂತಲೂ ಸೇರಿಸಿದರು.

ಮನೆಯಲ್ಲಿ ಅವಳು ಈ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಆದರೆ ಸವಳಂಗದಲ್ಲಿ ಯಾವುದೇ ವಿಷಯ ಅವಳ ಅಪ್ಪ ಶೌಕತ್ ಅಲಿಯನ್ನು ತಪ್ಪಿಸಿಕೊಂಡು ಹೋಗುವ ಹಾಗಿರಲಿಲ್ಲ. ಅವನದು ಮೈಕ್ ಸೆಟ್ಟಿನ ವ್ಯಾಪಾರ. ಆಟೋದ ತಲೆಯ ಮೇಲೆ ಎರಡು ಕಹಳೆ ಸ್ಪೀಕರ್ ಕಟ್ಟಿಕೊಂಡು, ಕರೆಂಟ್ ಹೋಗುವುದು, ಕುರಿ ಕಳೆದದ್ದು, ಯಾರಾದರೂ ತೀರಿಕೊಂಡದ್ದು, ಎಲ್ಲವನ್ನೂ ಊರಿಗೆ ಸಾರುವವನು ಅವನೇ. ಮನೆಯಲ್ಲಿ ಉರ್ದು ಮಾತಾಡುವ ಶೌಕತ್, ಕೈಗೆ ಮೈಕ್ ಬಂದರೆ ಸಾಕು, ಕನ್ನಡ ಪಂಡಿತರೂ ತಡವರಿಸುವಂಥ ಗ್ರಾಂಥಿಕ ಕನ್ನಡಕ್ಕೆ ಏರಿಬಿಡುತ್ತಿದ್ದ. ಮೇಡಂ ಪಂಚಾಯ್ತಿಗೆ ಫೋನ್ ಮಾಡಿದ್ದರು. ಪಂಚಾಯ್ತಿಯವರು ಶೌಕತ್‌ಗೆ ಹೇಳಿದ್ದರು.

"ನಿಮ್ಮ ಕಾಲೇಜಿನವರು ನಮ್ಮೂರಿಗೇ ಬರ್ತಾರಂತೆ. ನೀನು ಹೇಳಲೇ ಇಲ್ಲ," ಅಂದ ಅವನು ರಾತ್ರಿ ಊಟಕ್ಕೆ ಕೂತಾಗ.

ಮಸರತ್ ಹಿಂದೆ ಮುಂದೆ ನೋಡಿ, "ಅಬ್ಬಾ, ಮೈಕಿನಲ್ಲಿ ನನ್ನ ಹೆಸರು ಹೇಳಬೇಡ. ನಾನು ನಿನ್ನ ಮಗಳು ಅಂತ ಯಾರಿಗೂ ತೋರಿಸಿಕೊಳ್ಳಬೇಡ. ಮಾತು ಕೊಡು," ಅಂದಳು.

ಶೌಕತ್ ತುತ್ತು ಕೈಯಲ್ಲೇ ಹಿಡಿದು ಮಗಳ ಮುಖ ನೋಡಿದ. ಯಾಕೆ ಅಂತ ಕೇಳಲಿಲ್ಲ. ಅವನಿಗೆ ಬೇಜಾರಾಯಿತು ಅಂತ ಅವಳಿಗೆ ಗೊತ್ತಾಯಿತು. "ಹೆಸರು ಹೇಳಲ್ಲ," ಅಂತ ಮಾತು ಕೊಟ್ಟ.

ಗುರುವಾರ ಬೆಳಿಗ್ಗೆ ಅವಳು ಎಂದಿನಂತೆ ಸವಳಂಗದಲ್ಲಿ ಬಸ್ಸು ಹತ್ತಿ ಹೊನ್ನಾಳಿಗೆ ಹೋದಳು. ಅಲ್ಲಿ ಗುಂಪನ್ನು ಕೂಡಿಕೊಂಡು, ಸವಳಂಗಕ್ಕೆ ಬರಲು ಮತ್ತೆ ಅದೇ ಬಸ್ಸು ಹತ್ತಿದಳು. ಕಂಡಕ್ಟರ್ ಅವಳನ್ನು ನೋಡಿ, "ಏನಮ್ಮ, ಈಗತಾನೇ ಹೋದೆ, ಏನಾದ್ರೂ ಮರೆತು ಬಂದ್ಯಾ?" ಅಂದ. ಕೇಳದೆಯೇ ಸವಳಂಗದ ಉಚಿತ ಟಿಕೆಟ್ ಹರಿದು ಕೈಗಿಟ್ಟ. ಅದೇ ಗುಂಪಿಗೆ ಸೇರಿ ಹಿಂದಿನ ಸೀಟಿನಲ್ಲಿ ಕೂತಿದ್ದ ಕಲ್ಲೇಶ್ ಹುಬ್ಬು ಗಂಟಿಕ್ಕಿ ಏನನ್ನೋ ಯೋಚಿಸಲು ಶುರುಮಾಡಿದ. ಮಸರತ್ ದುಪಟ್ಟಾವನ್ನು ಮೂಗಿನವರೆಗೂ ಎಳೆದುಕೊಂಡು ಧೂಳು ಜಾಸ್ತಿ ಅಂದಳು.

ಬಸ್ಸಿಳಿಯುತ್ತಿದ್ದ ಹಾಗೆ ದೂರದ ಬೀದಿಯಿಂದ ಕಹಳೆಯ ದನಿ ಕೇಳಿಸಿತು.

"ಸವಳಂಗದ ಸಮಸ್ತ ನಾಗರಿಕ ಬಂಧುಗಳಲ್ಲಿ ವಿನಂತಿ. ಹೊನ್ನಾಳಿಯ ಮಹಾವಿದ್ಯಾಲಯದ ಪ್ರಥಮ ವರ್ಷದ ವಿದ್ಯಾರ್ಥಿಗಳು ನಮ್ಮ ಗ್ರಾಮದ ಅಧ್ಯಯನಕ್ಕಾಗಿ ಆಗಮಿಸಿರುತ್ತಾರೆ. ಅವರು ಏನನ್ನು ಕೇಳಿದರೂ ಬೇಸರಪಡದೆ ಉತ್ತರಿಸತಕ್ಕದ್ದು. ನಾಯಿಗಳನ್ನು ಕಟ್ಟಿಹಾಕತಕ್ಕದ್ದು. ಸದರಿ ತಂಡದಲ್ಲಿ, ತನ್ನ ಹೆಸರನ್ನು ಹೇಳಬಾರದೆಂದು ಕೋರಿಕೊಂಡಿರುವ ನನ್ನ ಹಿರಿಯ ಮಗಳೂ ಇರುತ್ತಾಳೆಂದು ತಿಳಿಸಲು ಹರ್ಷಿಸುತ್ತೇನೆ."

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ಮಲ್ಲೇ ಯಾರೋ ಈ ಊರೋರು ಇದಾರಂತೆ," ಅಂದಳು ಮಮತಾ. ಮಸರತ್ ತಾನೂ ಸುತ್ತ ತಿರುಗಿ ಹುಡುಕುವವಳ ಹಾಗೆ ಮಾಡಿದಳು. ಅಷ್ಟರಲ್ಲಿ ಆಟೋ ಅದೇ ದಾರಿಗೆ ಬಂತು. ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅಂತ ಶೌಕತ್ ಅಲಿ ಮಗಳ ಕಡೆ ತಪ್ಪಿಯೂ ನೋಡದೆ, ಆಕಾಶದ ಕಡೆ ಮುಖ ಎತ್ತಿಕೊಂಡೇ ಆಟೋ ಓಡಿಸಿ, ರಸ್ತೆ ಬದಿಯ ಜಲ್ಲಿ ರಾಶಿಗೆ ಮುಂದಿನ ಗಾಲಿ ಹತ್ತಿಸಿದ. ಹುಡುಗರು ಓಡಿ ಹೋಗಿ ಆಟೋವನ್ನು ಹಿಂದಕ್ಕೆ ತಳ್ಳಿದರು. ಮಸರತ್ ಒಬ್ಬಳೇ ಇದ್ದಲ್ಲೇ ನಿಂತಿದ್ದಳು.

ಇಷ್ಟೆಲ್ಲ ಆದರೂ ಅವಳು ಪಾರಾಗುತ್ತಿದ್ದಳೇನೋ. ಆದರೆ ಮನೆ ಮನೆ ಸಮೀಕ್ಷೆ ಶುರುವಾಯಿತು. ಕಲ್ಲೇಶ್ ಫಾರಂ ಹಿಡಿದುಕೊಂಡು, ಮಮತಾ ಮತ್ತು ಮಸರತ್‌ಳನ್ನು ಕರೆದುಕೊಂಡು ಹೊರಟವನು, ಊರಲ್ಲಿ ಅಷ್ಟೊಂದು ಮನೆ ಇರುವಾಗ, ಜಗಲಿಯ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದ ಒಬ್ಬ ಮುದುಕಿಯ ಮುಂದೆಯೇ ಹೋಗಿ ನಿಂತ. ಅದು ರೋಶನಬಿ, ಮಸರತ್‌ಳ ಅಜ್ಜಿ. ಮಗ ಕೊಟ್ಟ ಮಾತಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

"ಅಜ್ಜಿ, ಮನೇಲಿ ಒಟ್ಟು ಎಷ್ಟು ಜನ?"

"ನಾನು, ಮಗ, ಸೊಸೆ, ಮೂರು ಮೊಮ್ಮಕ್ಕಳು."

"ಮೊಮ್ಮಕ್ಕಳು ಏನು ಮಾಡ್ತಾರೆ?"

"ಎರಡು ಸ್ಕೂಲಿಗೆ ಹೋಗ್ಯಾವೆ. ದೊಡ್ಡದು ನಿನ್ನ ಹಿಂದೆ ಮುಖ ಮುಚ್ಕಂಡು ನಿಂತೈತೆ. ಯಾಕೆ ಅಂತ ನನಗೆ ಗೊತ್ತಿಲ್ಲ, ನೀನೇ ಕೇಳಿ ಬರ್ಕ."

ಕಲ್ಲೇಶ್ ತಿರುಗಲಿಲ್ಲ. ಮೊದಲು ಫಾರಂ ತುಂಬಿದ, ಆಮೇಲೆ ತಿರುಗಿದ. ಮಮತಾ ಮನೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಹೆಂಚಿನ ಸೂರು, ಅದರ ಮೇಲೆ ಒಣಗಲು ಹಾಕಿದ್ದ ಹಳೆಯ ಸ್ಪೀಕರ್ ಬಟ್ಟೆ.

"ಉಯ್ಯಾಲೆ ಎಲ್ಲೈತೆ?" ಅಂತ ಮೆಲ್ಲಗೆ ಕೇಳಿದಳು.

ರೋಶನಬಿ ತನ್ನನ್ನೇ ಕೇಳಿದರು ಅಂದುಕೊಂಡು, "ಉಯ್ಯಾಲೆ ಇಲ್ಲಮ್ಮ. ತೊಟ್ಟಿಲು ಐತೆ, ಅಟ್ಟದ ಮೇಲೆ. ಇವಳದ್ದೇ," ಅಂದಳು.

ಮಸರತ್ ದುಪಟ್ಟಾ ಕೆಳಗಿಳಿಸಿದಳು. ಇನ್ನು ಮುಚ್ಚಿಕೊಂಡು ಮಾಡುವುದೇನಿತ್ತು.

ದುರ್ಗಾಂಬಿಕಾ ಮೇಡಂ ಬೈಯಲಿಲ್ಲ. "ಒಳ್ಳೇದಾಯ್ತು, ಗುಂಪಿಗೆ ಊರಿನೋರು ಒಬ್ಬರು ಸಿಕ್ಕಿದ್ರು" ಅಂದುಬಿಟ್ಟರು. ಬೈದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಈಗ ಎಲ್ಲರೂ ಅವಳನ್ನೇ ಕೇಳತೊಡಗಿದರು. ಆ ಮೂಲೆಯಲ್ಲಿ ಕಲ್ಲು ಯಾಕೆ ನಿಲ್ಲಿಸ್ಯಾರೆ? ಗೊತ್ತಿಲ್ಲ. ಬೀಗ ಹಾಕಿದ ಆ ಮನೆ ಯಾರದ್ದು? ಗೊತ್ತಿಲ್ಲ. ಕೆರೆ ನೀರು ಎಲ್ಲಿಗೆ ಹೋಗ್ತದೆ? ಕೆರೆ ನೀರು ಎಲ್ಲಿಗಾದರೂ ಹೋಗುತ್ತದೆ ಅನ್ನುವುದೇ ಅವಳಿಗೆ ಹೊಸ ವಿಷಯ. ಹದಿನೆಂಟು ವರ್ಷ ಅವಳು ಆ ಊರಲ್ಲಿ ನೋಡಿದ್ದು ಬಸ್ ಸ್ಟ್ಯಾಂಡ್ ಒಂದನ್ನೇ. ಕಲ್ಲೇಶ್ ತನ್ನ ಪುಸ್ತಕದಲ್ಲಿ ಪ್ರತಿ ಪ್ರಶ್ನೆಯ ಮುಂದೆ ನೀಟಾಗಿ, "ಸ್ಥಳೀಯರ ಪ್ರಕಾರ: ಗೊತ್ತಿಲ್ಲ" ಅಂತ ಬರೆದುಕೊಂಡ. ಅವನು ಅದನ್ನು ಕುಹಕಕ್ಕೆ ಬರೆದದ್ದಲ್ಲ, ಅವನು ಇದ್ದದ್ದೇ ಹಾಗೆ.

ಮಮತಾ ಮಾತು ಬಿಟ್ಟಳು. ಬೆಂಚೂ ಬದಲಾಯಿಸಿದಳು.

ಮೂರನೇ ಗುರುವಾರ ಭೂಗೋಳದ ಮೇಷ್ಟ್ರು ಎಲ್ಲರನ್ನೂ ಕೆರೆ ಏರಿಯ ಮೇಲೆ ನಿಲ್ಲಿಸಿದರು. ಉಳಿದವರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ, ಮಮತಾ ಮಾತ್ರ ನೀರು ನೋಡುತ್ತಾ ಸುಮ್ಮನೆ ನಿಂತುಬಿಟ್ಟಳು. ಅವಳ ತಾತ ಗೋಣೆಪ್ಪ ತಮ್ಮೂರಿನ ಕೆರೆಯ ನೀರುಗಂಟಿ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಅಂತ ತೂಬು ತೆರೆದು ಬಿಡುವುದು ಅವನ ಕೆಲಸ. ಆದರೆ ಆ ಕೆರೆ ತುಂಬುತ್ತಿದ್ದದ್ದೇ ಅಪರೂಪ, ತಾತನ ಕೆಲಸ ಹೆಚ್ಚಾಗಿ ಮಾತಿನಲ್ಲೇ ನಡೆದಿತ್ತು. ತೂಬು ಅಂದರೆ ಏನು, ಅದರಿಂದ ಕಾಲುವೆ ಹೇಗೆ ಹೊರಡುತ್ತದೆ, ಎಲ್ಲವನ್ನೂ ಅವನು ಮೊಮ್ಮಗಳಿಗೆ ಬಾಯಲ್ಲೇ ಹೇಳಿಕೊಟ್ಟಿದ್ದ. ಅವಳು ಏರಿ ಇಳಿದು ನೇರವಾಗಿ ತೂಬಿನ ಹತ್ತಿರ ಹೋದಳು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳನ್ನು, ಇದರ ಕಾಲುವೆ ಎಲ್ಲಿಗೆ ಹೋಗ್ತದೆ ಅಂತ ಕೇಳಿದಳು. ಮುದುಕಿ ಉರ್ದುವಿನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಮಮತಾಗೆ ಒಂದು ಪದವೂ ತಿಳಿಯಲಿಲ್ಲ. ಸುತ್ತ ನೋಡಿದಳು. ಹತ್ತು ಮಾರು ದೂರದಲ್ಲಿ ಮಸರತ್ ಇದ್ದಳು, ಬೇರೆ ಯಾರೂ ಇರಲಿಲ್ಲ.

"ಶಿವಮೊಗ್ಗದೋರೇ," ಅಂತ ಕರೆದಳು. "ಒಂಚೂರು ಬರ್ರಿ ಇಲ್ಲಿ."

ಮಸರತ್ ಓಡಿದಳು. ಮುದುಕಿ ಹೇಳಿದ್ದು ಇಷ್ಟು: ಕಾಲುವೆ ಮಸೀದಿ ಬೀದಿಯ ಹಿತ್ತಿಲುಗಳ ಹಿಂದಿನಿಂದ ಹಾದು, ಊರ ನಡುವೆ ನುಗ್ಗಿ, ಆಚೆಯ ಗದ್ದೆಗಳಿಗೆ ಹೋಗುತ್ತಿತ್ತು. ಈಗ ಯಾರಿಗೂ ಅದರ ಗುರುತಿಲ್ಲ. ಮಸರತ್ ಅದನ್ನು ಕನ್ನಡಕ್ಕೆ ತರುತ್ತಾ ತರುತ್ತಾ ನಡುವೆ ನಿಂತುಬಿಟ್ಟಳು.

"ನಮ್ಮ ಹಿತ್ತಿಲಲ್ಲಿ ಒಂದು ಗುಂಡಿ ಐತೆ. ನಾನು ದಿನಾ ಅದಕ್ಕೆ ಕಸ ಸುರೀತೀನಿ," ಅಂದಳು.

"ಅದು ಗುಂಡಿ ಅಲ್ಲ, ಕಾಲುವೆ," ಅಂದಳು ಮಮತಾ. "ಕೆರೆಗೆ ನೀರಿಲ್ಲದ ಊರೋರು ನಾವು ಹೇಳಬೇಕೇನ್ರೀ ಇದನ್ನ?"

ಅದು ಬೈಗುಳವೇ. ಆದರೆ ಮಮತಾ ಮಾತಾಡಿದ್ದಳಲ್ಲ, ಮಸರತ್‌ಗೆ ಅಷ್ಟು ಸಾಕಿತ್ತು.

ಅಲ್ಲಿಂದ ನಾಲ್ಕು ತಿಂಗಳು ಗುಂಪಿಗೆ ಅದೊಂದೇ ಹುಚ್ಚು. ಮಸರತ್ ಮುಂದೆ ಹೋಗಿ ಹಿತ್ತಿಲ ಬಾಗಿಲು ತೆಗೆಸುವುದು, ಮಮತಾ ನೆಲದ ಇಳಿಜಾರು ನೋಡುವುದು, ಕಲ್ಲೇಶ್ ಟೇಪು ಹಿಡಿಯುವುದು. ಹೋದ ಮನೆಯಲ್ಲೆಲ್ಲ ಚಹಾ. ಒಂದೊಂದು ಗುರುವಾರ ಹನ್ನೊಂದು ಲೋಟದವರೆಗೂ ಆಗುತ್ತಿತ್ತು. ಕಸ ಸುರಿಯುವ ಗುಂಡಿಗಳೂ ಬಚ್ಚಲ ಮೋರಿಗಳೂ ಒಂದಕ್ಕೊಂದು ಕೂಡಿಕೊಂಡು ಕಾಗದದ ಮೇಲೆ ಒಂದು ಕಾಲುವೆಯಾದವು. ಊರ ನಡುವೆ ಮುರುಗೇಶಪ್ಪನವರ ಮನೆಯ ಹತ್ತಿರ ಬಂದು ಅದು ಮಾಯವಾಯಿತು. ಅವರು ಅಡಿಕೆ ವ್ಯಾಪಾರಿ, ಊರಿನ ತೂಕದ ಮನುಷ್ಯ. ಅವರ ಮನೆಯ ಒಳಗೆ ಅಳೆಯಲು ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ಕಾಲುವೆ ಮನೆಯ ಆ ಬದಿಗೆ ಮತ್ತೆ ಕಾಣಿಸಿಕೊಂಡಿದ್ದರಿಂದ, ನಕ್ಷೆಯಲ್ಲಿ ಮನೆಯ ಅಡಿಯಿಂದಲೇ ಗೆರೆ ಎಳೆದರು.

ಫೆಬ್ರವರಿಯಲ್ಲಿ ಆ ನಕ್ಷೆಯನ್ನು ಪಂಚಾಯ್ತಿ ಕಟ್ಟೆಯ ಮುಂದೆ ತೂಗುಹಾಕಿ ಊರಿಗೆ ತೋರಿಸುವ ಕಾರ್ಯಕ್ರಮ ಇಟ್ಟುಕೊಂಡರು. ಮೈಕ್ ಶೌಕತ್ ಅಲಿಯದ್ದು, ಪುಕ್ಕಟೆ. ಜನ ಬಂದವರೇ ಮೊದಲು ತಂತಮ್ಮ ಮನೆ ಹುಡುಕಿದರು. ನನ್ನ ಮನೆ ಸಣ್ಣದಾಗೈತೆ, ನಮ್ಮ ಕೊಟ್ಟಿಗೆ ಬಿಟ್ಟೀರಿ ಅಂತ ತಕರಾರು ಎದ್ದವು. ಕೊನೆಗೆ ಮುರುಗೇಶಪ್ಪನವರು ಕನ್ನಡಕ ಏರಿಸಿಕೊಂಡು ಬಂದು ನೀಲಿ ಗೆರೆಯ ಮೇಲೆ ಬೆರಳಿಟ್ಟರು.

"ಏನಮ್ಮ, ಈ ಕಾಲುವೆನ ಒಂಚೂರು ಈ ಕಡೆಗೆ ಸರಿಸಿ ಬರೀಬಹುದಲ್ಲ?"

"ಸರಿಸಾಕೆ ಬರಲ್ಲ," ಅಂದಳು ಮಸರತ್. "ಎರಡೂ ಕಡೆಯಿಂದ ಅಳೆದೀವಿ. ನಿಮ್ಮ ಅಡುಗೆಮನೆ ಅಡಿಗೇ ಬರ್ತದೆ."

"ಮನೆ ಕಟ್ಟಿಸಿದ್ದು ನಾನು. ನನಗಿಂತ ನಿನಗೆ ಗೊತ್ತೇನು?"

ಈ ಮಾತೆಲ್ಲ ಎರಡು ಕಹಳೆಗಳಿಂದ ಊರಿಗೆಲ್ಲ ಕೇಳುತ್ತಿತ್ತು, ಯಾಕೆಂದರೆ ಶೌಕತ್ ಅಲಿ ಮೈಕನ್ನು ಇಬ್ಬರ ನಡುವೆ ಹಿಡಿದುಕೊಂಡು ನಿಂತಿದ್ದ, ಆರಿಸಲು ಮರೆತಿದ್ದ. ಮರೆತದ್ದೋ, ಬೇಕಂತಲೇ ಹಿಡಿದದ್ದೋ, ಆಮೇಲೂ ಅವನು ಬಾಯಿ ಬಿಡಲಿಲ್ಲ. ದನಿ ಕೇಳಿ ಮನೆಯಿಂದ ಮುರುಗೇಶಪ್ಪನವರ ಹೆಂಡತಿ ಕಸ್ತೂರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನಕ್ಷೆ ನೋಡಿದರು. ಗೆರೆ ನೋಡಿದರು.

"ಇಪ್ಪತ್ತು ವರ್ಷದಿಂದ ಹೇಳ್ತಿದೀನಿ," ಅಂದರು ಗಂಡನಿಗೆ. "ಮಳೆಗಾಲ ಬಂದ್ರೆ ಒಲೆ ಬುಡಕ್ಕೆ ನೀರು ಏಳ್ತದೆ ಅಂತ. ನನ್ನ ಕೈಯಿಂದ ಚೆಲ್ಲಿದ್ದು ಅಂದ್ರಿ ನೀವು. ಪ್ರತಿ ವರ್ಷ ಅಂದ್ರಿ."

ಅದೂ ಮೈಕಿನಲ್ಲಿ ಹೋಯಿತು. ಜನ ನಗಲಿಲ್ಲ, ನಗು ತಡೆದುಕೊಳ್ಳಲು ಹಲವರು ಕೆಮ್ಮಿದರು. ಕಸ್ತೂರಮ್ಮ ಮಸರತ್‌ಳ ಕೈ ಹಿಡಿದುಕೊಂಡು, "ಬಾರಮ್ಮ, ತೆಗೆದೇ ನೋಡೋಣ," ಅಂತ ಹೊರಟರು. ಗುಂಪು ಹಿಂದೆಯೇ ಹೋಯಿತು.

ಅಡುಗೆಮನೆಯ ಮೂಲೆಯ ಚಪ್ಪಡಿ ಎಬ್ಬಿಸಲು ಹಾರೆ ಬೇಕಾಯಿತು, ನಾಲ್ಕು ಜನ ಬೇಕಾದರು. ಅಡಿಯಲ್ಲಿ ಕಪ್ಪು ಹಸಿ ಮಣ್ಣು, ಅದರ ಎರಡೂ ಬದಿಗೆ ಸಾಲಾಗಿ ಜೋಡಿಸಿದ ಹಳೆಯ ಕಲ್ಲು. ಮಮತಾ ಮಂಡಿಯೂರಿ, ಕೈ ಒಳಗೆ ಹಾಕಿ ಕಲ್ಲನ್ನು ಸವರಿದಳು. "ನಮ್ಮ ತಾತ ಇದನ್ನ ನೋಡಬೇಕಿತ್ತು," ಅಂದಳು. ಕಲ್ಲೇಶ್ ಮೊಬೈಲ್ ಲೈಟ್ ಹಿಡಿದುಕೊಂಡು ಹೊಟ್ಟೆಯ ಮೇಲೆ ಮಲಗಿಬಿಟ್ಟಿದ್ದ, ಅವನನ್ನು ಎಬ್ಬಿಸುವ ಹಾಗಿರಲಿಲ್ಲ.

ಅಗಲ ಅಳೆಯಬೇಕಿತ್ತು. ಟೇಪಿನ ಒಂದು ತುದಿ ಮಸರತ್ ಹಿಡಿದಳು. ಎಬ್ಬಿಸಿದ ಚಪ್ಪಡಿಯನ್ನು ಆ ನಾಲ್ವರು ಹಿಡಿದುಕೊಂಡೇ ನಿಂತಿದ್ದರು, ಉಳಿದವರು ಜಾಗ ಸಾಲದೆ ಹೊರಗೇ ಉಳಿದಿದ್ದರು. ಇನ್ನೊಂದು ತುದಿಗೆ ಕೈ ಖಾಲಿ ಇದ್ದವರು ಬಾಗಿಲಲ್ಲಿ ನಿಂತಿದ್ದ ಮುರುಗೇಶಪ್ಪನವರು ಒಬ್ಬರೇ. ಅವರು ಸ್ವಲ್ಪ ಹೊತ್ತು ಸೂರು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು, ಬಗ್ಗಿ, ತುದಿ ಹಿಡಿದರು.

"ಗಟ್ಟಿಯಾಗಿ ಎಳೀರಿ, ಸಡಿಲ ಆಗೈತೆ," ಅಂದಳು ಮಸರತ್.

ಅವರು ಎಳೆದರು.