ಗೋಲಾದ ಮೇಲಿನ ಅರ್ಧ ನಿಮಿಷ

“ಇವರು ಕ್ಲಬ್ಬಿಗೆ ತಂದವರಲ್ಲಿ ಒಬ್ಬನಾದ್ರೂ ಪೊಳ್ಳು ಇದ್ನಾ?”

ಅಂಗಳದಲ್ಲಿ ಕುರ್ಚಿಗಳನ್ನು ಬಿಡಿಸಿಡುತ್ತಿದ್ದ ದರ್ಜಿ ಯಾರನ್ನೂ ನೋಡದೆ ಕೇಳಿದ. ಕ್ಲಬ್ಬಿನ ಜರ್ಸಿಗಳನ್ನು ಹೊಲಿಯುವವನು ಅವನೇ. ಪಕ್ಕದಲ್ಲಿ ಕುರ್ಚಿ ಬಿಡಿಸುತ್ತಿದ್ದ ಗಾಜಿನ ಕೆಲಸದವನ ಕೈ ನಿಂತಿತು. ಹದಿನಾರು ವರ್ಷದ ಹಿಂದೆ, ಫೈನಲ್‌ನಲ್ಲಿ, ಎದೆಗೆ ಬಂದ ಚೆಂಡನ್ನು ಕೈಜಾರಿಸಿ ಗೋಲು ಬಿಟ್ಟವನು ಅವನು.

ಒಳಗೆ ತಲೆದೆಸೆಗೆ ದೀಪವಿಟ್ಟು ಮಲಗಿಸಿದ್ದವರು ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದವರು. ರಜೆ ಬಂತೆಂದರೆ ಮೈದಾನ ಮೈದಾನ ಅಲೆದು ಆಟಗಾರರನ್ನು ಹುಡುಕಿ ತರುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ‘ದುರ್ಬೀನು’.

“ಕುಳ್ಳನ್ನ ತಂದಾಗ ನಾವೆಲ್ಲ ನಕ್ಕಿದ್ವಿ,” ಎಂದ ದರ್ಜಿ. “ನನ್ನ ಮಗಳ ಫ್ರಾಕಿನ ಅಳತೇಲೇ ಅವನ ಜರ್ಸಿ ಹೊಲ್ದೆ. ಆಮೇಲೆ ಐದು ವರ್ಷ ಅವನ ಕಾಲಿಂದ ಚೆಂಡು ಕಿತ್ಕೊಳ್ಳೋಕೆ ಯಾರ ಕೈಲೂ ಆಗ್ಲಿಲ್ಲ.”

“ನಾನು ತಂದವರು ಫೋಟೋದಲ್ಲಷ್ಟೇ ಚೆನ್ನಾಗಿ ಆಡ್ತಿದ್ರು,” ಎಂದರು ಕ್ಲಬ್ಬಿನ ಕಾರ್ಯದರ್ಶಿ. “ಇವರಿಗೆ ತಪ್ಪಿದ್ದು ಒಂದೇ. ಆ ಗೋಲ್‌ಕೀಪರ್...” ಕುರ್ಚಿ ಹಿಡಿದು ನಿಂತವನ ಗುರುತು ಹತ್ತಿ ಕೆಮ್ಮಿದರು.

“ಹೇಳಿ ಸಾರ್. ಸುಳ್ಳೇನಲ್ಲ.”

ಆ ಮಾತಿಗೆ ದುರ್ಬೀನು ಏನೆನ್ನುತ್ತಿದ್ದರೋ. ಕೇಳಲು ಅವನಿಗೆ ಇಷ್ಟು ವರ್ಷ ಧೈರ್ಯವಾಗಿರಲಿಲ್ಲ. ಇನ್ನು ಕೇಳುವಂತಿರಲಿಲ್ಲ.

*

ಅವರು ಅವನನ್ನು ಆರಿಸಿದ್ದು ಅವನ ತಂಡ ಏಳು ಗೋಲು ತಿಂದ ದಿನ.

“ಏಳು ಬಿಟ್ಟೆನಲ್ಲ, ಸಾರ್.”

“ಎಣಿಸೋಕೆ ನನಗೂ ಬರುತ್ತೆ. ಏಳು ಸಲವೂ ಬಲೆಯಿಂದ ಚೆಂಡನ್ನ ನೀನೇ ತಂದು ನಿಮ್ಮವರ ಕೈಗಿಟ್ಟೆ. ಯಾರ ಮೇಲೂ ರೇಗಲಿಲ್ಲ. ನಾನು ನೋಡೋದು ಗೋಲಾದ ಮೇಲಿನ ಅರ್ಧ ನಿಮಿಷ, ಅಷ್ಟೇ.”

ಫೈನಲ್‌ನ ಮರುದಿನ ಬೆಳಿಗ್ಗೆ ಅವನು ಕೈಗವಸು ಹಿಂದಿರುಗಿಸಲು ಮೈದಾನಕ್ಕೆ ಹೋದ. ದುರ್ಬೀನು ಪ್ಯಾಂಟು ಮಡಿಚಿ, ಚೆಂಡಿನ ಮುಂದೆ ನಿಂತಿದ್ದರು.

“ಹಾಕ್ಕೋ,” ಎಂದರು.

ಅರವತ್ತರ ಕಾಲು. ಹತ್ತು ಒದ್ದರೆ ಆರು ಗೋಲುಕಂಬದ ಆಚೆ. ಪ್ರತಿಸಲವೂ ಏದುಸಿರು ಬಿಡುತ್ತ ತಾವೇ ಓಡಿ ಚೆಂಡು ತಂದರು. ಬಿಸಿಲೇರುವ ತನಕ ಇಬ್ಬರೂ ಫೈನಲ್ ಸುದ್ದಿ ಎತ್ತಲಿಲ್ಲ.

ಆ ವರ್ಷವೇ ಕ್ಲಬ್ಬು ಅವನನ್ನು ಕೈಬಿಟ್ಟಿತು. ಅವನು ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ ಹಿಡಿದ. ಆಳೆತ್ತರದ ಗಾಜು ಅಪ್ಪಿಕೊಂಡು ನಾಲ್ಕು ಮಹಡಿ ಹತ್ತುತ್ತಾನೆ. ಈವರೆಗೆ ಒಂದೂ ಒಡೆದಿಲ್ಲ.

*

ಅಂಗಳದಲ್ಲಿ ಕಟ್ಟಿಟ್ಟಿದ್ದ ಚಟ್ಟ ಎತ್ತುವ ಹೊತ್ತಾಯಿತು. ದುರ್ಬೀನಿನ ಹೆಂಡತಿ ಬಾಗಿಲಿಗೆ ಬಂದರು.

“ಹೊರೋ ನಾಲ್ವರನ್ನ ಅವರೇ ಹೇಳಿಟ್ಟಿದಾರೆ. ಕುಳ್ಳ ಒಬ್ಬ.”

“ಅವನು ಹೊತ್ರೆ ಇವರು ಜಾರಿ ಬೀಳ್ತಾರೆ, ಅಕ್ಕ,” ಎಂದ ದರ್ಜಿ.

“ಅದಕ್ಕೇ ಕಾಲ ಕಡೆಗೆ, ನಮ್ಮ ಮಗಳ ಜೊತೆ ಅಂದ್ರು. ಇಬ್ಬರದೂ ಒಂದೇ ಎತ್ತರ.” ಅಳುತ್ತಿದ್ದ ಮಗಳ ತುಟಿಯಲ್ಲೂ ನಗು ಸುಳಿಯಿತು. “ತಲೆ ಕಡೆ ಎಡಕ್ಕೆ ಕ್ಯಾಪ್ಟನ್. ಬಲಕ್ಕೆ ನೀನಪ್ಪ.”

ಎಲ್ಲರೂ ಗಾಜಿನವನತ್ತ ತಿರುಗಿದರು.

“ನಾನಾ?”

“ನಿನ್ನ ಹೆಸರನ್ನೇ ಮೊದಲು ಹೇಳಿದ್ದು.”

ಅವನು ಒಂದು ಹೆಜ್ಜೆ ಹಿಂದೆ ಸರಿದ. “ಬೇಡಮ್ಮ. ಇಷ್ಟು ಜನರ ಮುಂದೆ... ಮತ್ತೆ ಕೈ ಜಾರಿದ್ರೆ? ಸೆಕ್ರೆಟರಿ ಸಾರ್‌ನ ನಿಲ್ಲಿಸಿ, ನಾನು ಹಿಂದೆ ನಡ್ಕೊಂಡು ಬರ್ತೀನಿ.”

ಆಕೆ ಮೆಟ್ಟಿಲಿಳಿದು ಬಂದು, ಅವನ ಬಲಗೈ ಹಿಡಿದು ಚಟ್ಟದ ಮರದ ಮೇಲಿಟ್ಟರು. ಒಂದೊಂದೇ ಬೆರಳನ್ನು ಮಡಿಸಿ ಬಿಗಿಮಾಡಿದರು.

“ಆಗಲ್ಲ. ಅವರು ಆರಿಸಿದ್ದು ನಿನ್ನನ್ನ,” ಎಂದರು.