ಹದಿಮೂರನೇ ಭಾನುವಾರ

ಸಿದ್ದಣ್ಣ ಬಿದ್ದದ್ದು ನನ್ನ ಜಾಗದಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ.

ನಾವಿಬ್ಬರೂ ಬಾಗಲಕೋಟೆ ಕಡೆಯವರು. ಎರಡು ಸಾವಿರದ ಒಂದರಲ್ಲಿ ಮಣಿಪಾಲಕ್ಕೆ ಹಾಸ್ಟೆಲ್ ಕಟ್ಟುವ ಕೆಲಸಕ್ಕೆ ಬಂದೆವು. ಊರಿನಲ್ಲಿ ಫೋನು ಇದ್ದದ್ದು ಒಂದೇ ಕಿರಾಣಿ ಅಂಗಡಿಯಲ್ಲಿ. ಸೋಮವಾರ ಹತ್ತು ಗಂಟೆಗೆ ಅಲ್ಲಿ ಬಂದು ನಿಲ್ಲು ಎಂದು ಹೆಂಡತಿಗೆ ಕಾಗದ ಹಾಕಿದ್ದೆ. ಆ ಹೊತ್ತಿಗೆ ಐದನೇ ಮಾಳಿಗೆಗೆ ಬೊಂಬು ಕಟ್ಟಿದ ಸಾರುವೆ ಹತ್ತುವ ಪಾಳಿ ನನ್ನದು. "ಅರ್ಧ ತಾಸು ನೀ ಹತ್ತೋ" ಎಂದು ಸಿದ್ದಣ್ಣನಿಗೆ ಹೇಳಿ ಎಸ್‌ಟಿಡಿ ಬೂತಿಗೆ ಓಡಿದೆ. ಎಮ್ಮೆ ಕರು ಹಾಕಿದ ಸುದ್ದಿ ಕೇಳಿಸಿಕೊಂಡು ವಾಪಸು ಬರುವಾಗ ಸಾರುವೆಯ ಕೆಳಗೆ ಜನ ಸೇರಿದ್ದರು.

ಸೊಂಟದಿಂದ ಕೆಳಗೆ ಅವನಿಗೆ ಈಗ ಸ್ವಾಧೀನವಿಲ್ಲ. ಉಡುಪಿಯ ಹತ್ತಿರ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಆಶ್ರಮದಲ್ಲಿ ಮಲಗಿದ್ದಾನೆ. ನಾನು ಕಾಪುವಿನಲ್ಲಿ ಬಾಡಿಗೆಗೆ ಇದ್ದೇನೆ. ವಾರಕ್ಕೆ ಇರುವುದೊಂದೇ ರಜೆ. ಪ್ರತಿ ಭಾನುವಾರ ಕಟಪಾಡಿಯಲ್ಲಿ ಬಸ್ಸು ತುಂಬುವವರೆಗೆ ಬೆವರುತ್ತ ಕೂತು ಅವನನ್ನು ನೋಡಲು ಹೋಗುತ್ತೇನೆ. ಇದು ಪುಣ್ಯದ ಕೆಲಸ ಎಂದು ಯಾರಾದರೂ ಅಂದರೆ ಸಿಟ್ಟು ನೆತ್ತಿಗೇರುತ್ತದೆ.

ಅಲ್ಲಿ ಹನ್ನೊಂದಕ್ಕೆ ಟಿವಿಯಲ್ಲಿ ಒಂದು ಧಾರಾವಾಹಿ. ಗಡಿಯಾರ ರಿಪೇರಿ ಮಾಡುವ ಮುದುಕಿಯೊಬ್ಬಳು ವಾರಕ್ಕೊಬ್ಬರನ್ನು ಅವರ ಬದುಕಿನ ಹಳೆಯ ಒಂದು ದಿನಕ್ಕೆ ಕಳಿಸುತ್ತಾಳೆ. ಹೋದವರು ಅವತ್ತು ಆದದ್ದನ್ನು ತಿದ್ದಿ ಬರುತ್ತಾರೆ. ಆದರೆ ಒಬ್ಬರಿಗೆ ತಪ್ಪಿದ ಕಷ್ಟ ಇನ್ನೊಬ್ಬರ ತಲೆಗೆ ಬೀಳಲೇಬೇಕು, ಅದು ಆ ಅಂಗಡಿಯ ಕರಾರು. ಒಟ್ಟು ಹದಿಮೂರು ಕಂತು. ಈ ದರಿದ್ರ ಕಥೆ ಬರೆದವನು ನನ್ನನ್ನು ಕಂಡೇ ಬರೆದಿರಬೇಕು. ಸಿದ್ದಣ್ಣ ಕಣ್ಣು ಮಿಟುಕಿಸದೆ ಟಿವಿ ನೋಡುತ್ತಿದ್ದ. ನಾನು ಅವನ ಮುಖ ನೋಡುತ್ತಿದ್ದೆ. ನನ್ನನ್ನು ಈ ಮಂಚದಲ್ಲಿ ಮಲಗಿಸಿ ತಾನು ಎದ್ದು ಹೋಗುವ ಯೋಚನೆ ಮಾಡುತ್ತಿದ್ದಾನೆಯೇ? ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಹದಿಮೂರನೇ ವಾರ ನಾನು ಹೋದದ್ದು ಇನ್ನು ಬರುವುದಿಲ್ಲ ಎಂದು ಹೇಳಲಿಕ್ಕೆ. ಕಾರ್ಕಳದಲ್ಲಿ ಕೆಲಸ ಸಿಕ್ಕಿತ್ತು. ದೂರವಾಗುತ್ತದೆ ಎನ್ನುವುದೆಲ್ಲ ನೆಪ, ಅಲ್ಲಿಂದ ಉಡುಪಿಗೆ ಬೇಕಾದಷ್ಟು ಬಸ್ಸಿದೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು.

ಕೊನೆಯ ಕಂತು ಮುಗಿಯಿತು. ಮುದುಕಿ ಅಂಗಡಿಗೆ ಬೀಗ ಹಾಕಿ ಹೊರಟುಹೋದಳು. ಅಲ್ಲಿನ ನರ್ಸು, ಸಿಸ್ಟರ್ ಸೆಲೀನ್, ಕಣ್ಣೊರೆಸಿಕೊಂಡು ಟಿವಿ ಆರಿಸಿದರು.

"ಸಿದ್ದಣ್ಣ, ನಿಮ್ಮನ್ನು ಕಳಿಸಿದ್ದರೆ ನೀವು ಎಂತ ಬದಲಾಯಿಸುತ್ತಿದ್ದಿರಿ ಮಾರಾಯ್ರೆ?"

ಪಾಪ, ಅವರಿಗೆ ನಮ್ಮ ಪಾಳಿಯ ವಿಷಯ ಗೊತ್ತಿಲ್ಲ.

"ವಾರಾ ವಾರಾ ಬದಲ ಮಾಡೀನ್ರಿ ಸಿಸ್ಟರ್," ಎಂದ ಸಿದ್ದಣ್ಣ. ಆಮೇಲೆ ನನ್ನ ಕಡೆ ತಿರುಗಿದ. "ಪ್ರತಿ ಸಲ ಮನಸಿನ್ಯಾಗ ನಿನ್ನ ಹತ್ತಿಸೀನಿ ಮಲ್ಲಿನಾಥ. ನೀ ಬಿದ್ದಿ. ನನಗ ಖುಷಿ ಆತು, ಸುಳ್ಳ ಯಾಕ ಹೇಳ್ಲಿ? ನಿನ್ನ ಈ ಮಂಚದ ಮ್ಯಾಲ ಮಲಗಿಸಿ ನಾ ನಡಕೊಂತ ಹೊರಗ ಹೋದೆ."

ನಾನು ತಲೆ ತಗ್ಗಿಸಿದೆ. ಅವನು ಆರಿದ ಟಿವಿಯ ಕಡೆ ನೋಡುತ್ತ ಮುಂದುವರಿಸಿದ.

"ಇವತ್ತ ನನ್ನ ನಾನ ಒಂದ ಮಾತು ಕೇಳ್ಕೊಂಡೆ. ನೀ ಇಲ್ಲಿ ಬಿದ್ದಿದ್ದರ, ಭಾನುವಾರಕ್ಕೊಮ್ಮೆ ನಾ ನೋಡಾಕ ಬರ್ತಿದ್ದೆನೇನು? ಇಲ್ಲೋ. ಎರಡು ವಾರ ಬಂದು ಬಿಟ್ಟಬಿಡ್ತಿದ್ದೆ."

ಕಾರ್ಕಳದ ಮಾತು ನಾಲಗೆಯ ತುದಿಯವರೆಗೆ ಬಂದು ನಿಂತಿತ್ತು. ಅಳು ಬಂತು, ಅದಕ್ಕಿಂತ ಹೆಚ್ಚು ದಣಿವು. ಸಿಸ್ಟರ್ ಸೆಲೀನ್ ರಿಮೋಟು ಹಿಡಿದುಕೊಂಡು ನಿಂತೇ ಇದ್ದರು.

"ಮುಂದಿನ ವಾರ ಟಿವ್ಯಾಗ ಏನೈತ್ರಿ ಸಿಸ್ಟರ್?" ಎಂದು ಕೇಳಿದೆ.

"ಎಂತದೋ ಅಡುಗೆಯ ಕಾರ್ಯಕ್ರಮ ಉಂಟಂತೆ."

"ಎಷ್ಟ ಗಂಟೆಗ್ರಿ?" ಎಂದೆ.