ತಲೆ ಹೋದ ಮಾತು

ಒಂದು ಜೊತೆ ಗಮ್‌ಬೂಟಿಗೆ ಎರಡು ದಿನದ ಕೂಲಿ. ಸೊಂಟದ ಬೆಲ್ಟು, ಅದಕ್ಕೆ ಹಗ್ಗ, ಎರಡೂ ಸೇರಿ ಹತ್ತು ದಿನದ ಕೂಲಿ. ಗಾಳಿ ಊದುವ ಬ್ಲೋವರಿಗೆ ಬಾಡಿಗೆ ಬೇರೆ. ಅದು ತಿರುಗಿದರೂ ಕೊಡಬೇಕು, ನಿಂತಿದ್ದರೂ ಕೊಡಬೇಕು. ಟ್ಯಾಂಕು ಒಂದು ದಿನ ಖಾಲಿ ನಿಂತರೆ ಮಾಲೀಕರಿಗೆ ಆಗುವ ನಷ್ಟವನ್ನು ಮೇಸ್ತ್ರಿ ದಿನಕ್ಕೊಮ್ಮೆ ಹೇಳುತ್ತಿದ್ದ. ಆ ದುಡ್ಡಿದ್ದರೆ ಟ್ಯಾಂಕು ತೊಳೆಯುವ ಇಡೀ ಗ್ಯಾಂಗು ವರ್ಷವಿಡೀ ಕೂತು ಉಣ್ಣಬಹುದಿತ್ತು. ಎಲ್ಲಕ್ಕಿಂತ ದುಬಾರಿ ಎಂದರೆ ಗ್ಯಾಸ್ ಅಳೆಯುವ ಕೈಮೀಟರು. ಅದು ಕೆಟ್ಟು ರಿಪೇರಿಗೆ ಹೋಗಿತ್ತು. ಮೀಟರಿನ ಬದಲಿಗೆ ಸಿಕ್ಕಿದ್ದು ಮಾತು. ಮಾತಿಗೆ ಕಾಸಿಲ್ಲ, ಹಾಗಾಗಿ ಅದನ್ನು ಯಾರೂ ತೂಗಿ ನೋಡಲಿಲ್ಲ.

ವ್ಯವಸ್ಥೆ ಹೀಗಿತ್ತು. ಟ್ಯಾಂಕಿನೊಳಗಿನ ಗಾಳಿಯನ್ನು ಒಂದು ಚೀಲದಲ್ಲಿ ಹಿಡಿದು ಅಂಗಳದಾಚೆಯ ಲ್ಯಾಬಿಗೆ ಕಳಿಸುವುದು. ಅಲ್ಲಿ ಲ್ಯಾಬ್ ಸಾಹೇಬರು ಪರೀಕ್ಷೆ ಮಾಡಿ ವಾಕಿಟಾಕಿಯಲ್ಲಿ ಫಲಿತಾಂಶ ಹೇಳುವುದು. ಸಾಹೇಬರು ಬೇರೆ ಸೀಮೆಯವರು, ಹೊಸಬರು. ಅವರಿಗೆ ಇವರ ಭಾಷೆ ಬಾರದು, ಇವರಿಗೆ ಅವರದು ಬಾರದು. ನಡುವೆ ಇದ್ದದ್ದು ನಾಲ್ಕು ಇಂಗ್ಲಿಷ್ ಪದ.

ಆ ನಾಲ್ಕು ಪದ ಕೇಳಿಸಿಕೊಳ್ಳುವವಳು ಕಾವಲಮ್ಮ. ಮನೆಯವರು ಇಟ್ಟ ಹೆಸರು ಬೇರೆ. ಟ್ಯಾಂಕಿನ ನೆತ್ತಿಯ ಮೇಲೆ, ಅದರ ದುಂಡನೆಯ ಬಾಯಿಯ ಪಕ್ಕದಲ್ಲಿ ಕೂತು, ಒಳಗಿಳಿದವನ ಹಗ್ಗ ಹಿಡಿದಿರುವುದು ಅವಳ ಕೆಲಸ. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಒಳಗಿಳಿದು ತಳದ ಗಸಿ ಕೆರೆಯುವವರು ಅವಳ ಭಾವ. ಅಪ್ಪ ತೀರಿಕೊಂಡ ಮೇಲೆ ಅಕ್ಕನ ಜೊತೆಗೆ ಅವಳನ್ನೂ ಸಾಕಿದವರು, ಈ ಕೆಲಸ ಕೊಡಿಸಿದವರೂ ಅವರೇ.

ಆವತ್ತು ಮೇಸ್ತ್ರಿ ಬೆಳಗಿನಿಂದ ಕಾದ ಹಂಚಿನ ಮೇಲೆ ನಿಂತವನ ಹಾಗೆ ಆಡುತ್ತಿದ್ದ. ಸಂಜೆಯೊಳಗೆ ಟ್ಯಾಂಕಿಗೆ ಹೊಸ ಮಾಲು ತುಂಬಬೇಕು.

"ಏನಂತೆ ನಿನ್ನ ಸಾಹೇಬರದು? ಗಾಳಿ ನೋಡ್ತಿದ್ದಾರೋ, ಜಾತಕ ನೋಡ್ತಿದ್ದಾರೋ?"

"ಹೇಳ್ತಾರೆ ಇರಿ."

"ಹೆಣ್ಣು ಕೊಡೋರೂ ಇಷ್ಟು ನೋಡಲ್ಲ ಕಣಮ್ಮ," ಅಂದರು ಭಾವ, ಬೆಲ್ಟು ಬಿಗಿದುಕೊಳ್ಳುತ್ತ. "ನಿಮ್ಮಪ್ಪ ಇಷ್ಟು ನೋಡಿದ್ದಿದ್ರೆ ನಂಗೆ ನಿಮ್ಮಕ್ಕ ಸಿಗ್ತಾನೇ ಇರ್ಲಿಲ್ಲ."

ವಾಕಿಟಾಕಿ ಕಟಕ್ಕೆಂದಿತು. ಬ್ಲೋವರಿನ ಗದ್ದಲದ ನಡುವೆ ಸಾಹೇಬರ ದನಿ ಬಂತು: "...ಸೇಫ್."

ಕಾವಲಮ್ಮ ಹೆಬ್ಬೆರಳು ಎತ್ತಿದಳು. ಭಾವ ಕಾಲು ಇಳಿಬಿಟ್ಟು ಏಣಿ ಹಿಡಿದರು. ತಲೆ ಮರೆಯಾಯಿತು. ಕೈಯೊಳಗಿನ ಹಗ್ಗ ಹಾವಿನಂತೆ ಜಾರತೊಡಗಿತು.

ನಾಲ್ಕಾರು ಮೆಟ್ಟಿಲು ಇಳಿದಿರಬಹುದು. ಅವಳ ಕಿವಿಯಲ್ಲಿ ಏನೋ ಉಳಿದುಹೋಗಿತ್ತು, ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ. ದಿನಾ ಬರುತ್ತಿದ್ದ "ಸೇಫ್" ಸೊರ್ರನೆ ಶುರುವಾಗುತ್ತಿತ್ತು. ಇವತ್ತಿನದಕ್ಕೆ ಮೊದಲು ಒಂದು ಸಣ್ಣ ಮೂಗಿನ ಸದ್ದು ಇತ್ತಲ್ಲ? "ನ್ಸೇಫ್" ಅಂದ ಹಾಗೆ. ಬ್ಲೋವರಿನ ಸದ್ದಿರಬೇಕು ಅಂದುಕೊಂಡಿದ್ದಳು.

ಕಣ್ಣು ಗೇಟಿನ ಪಕ್ಕದ ಕೆಂಪು ಬೋರ್ಡಿನ ಮೇಲೆ ಬಿತ್ತು. ಅನ್‌ಸೇಫ್. ಗ್ಯಾಂಗಿನವರೆಲ್ಲ ಆ ಪದವನ್ನು "ಅನ್" ಎಂದು ಒತ್ತಿ, ಆಮೇಲೆ "ಸೇಫ್" ಎನ್ನುವವರು. ಸಾಹೇಬರು ಹಾಗನ್ನುವುದಿಲ್ಲ. "ಅನ್" ಅನ್ನು ತುಟಿಯಂಚಲ್ಲೇ ಮುಗಿಸಿ, ಭಾರವನ್ನೆಲ್ಲ "ಸೇಫ್" ಮೇಲೆ ಹಾಕುತ್ತಾರೆ. ನಮ್ಮ ಮಾತಿನಲ್ಲಿ ಬೇಡ, ಇಲ್ಲ, ಕೂಡದು ಎಲ್ಲ ಬಾಲದಲ್ಲಿ ಬರುತ್ತವೆ. ಕೊನೆಯವರೆಗೂ ಕಿವಿಗೊಟ್ಟರೆ ತಪ್ಪುವುದಿಲ್ಲ. ಅವರದರಲ್ಲಿ "ಅಲ್ಲ" ಕೂತಿರುವುದು ತಲೆಯಲ್ಲಿ. ವಾಕಿಟಾಕಿಯೋ, ಗುಂಡಿ ಒತ್ತಿದ ಕೂಡಲೇ ಮಾತಾಡಿದರೆ ಮೊದಲ ಚೂರನ್ನು ನುಂಗಿಬಿಡುವ ಜಾತಿ.

ಅವಳು ಮೇಸ್ತ್ರಿಯತ್ತ ತಿರುಗಿದಳು.

"ಮೇಸ್ತ್ರಿ, ಅವರು ಅನ್‌ಸೇಫ್ ಅಂದಿರಬೇಕು."

"ನೀನೇ ಹೆಬ್ಬೆಟ್ಟು ಎತ್ತಿದೆಯಲ್ಲ?"

"ಎತ್ತಿದೆ. ಈಗ ಅನುಮಾನ."

"ಅನುಮಾನ ಮೊದಲೇ ಬರಬೇಕಮ್ಮ. ಬಸ್ಸು ಹೋದ ಮೇಲೆ ಕೈ ಅಡ್ಡ ಹಿಡೀತೀಯಲ್ಲ."

ಅವಳು ಗುಂಡಿ ಒತ್ತಿದಳು. "ಸರ್, ಟ್ಯಾಂಕ್. ಅಗೇನ್, ಸರ್."

ಕಟಕ್. "...ಸೇಫ್."

ಮತ್ತೆ ಅದೇ ಮೂಗು. ಇತ್ತೋ, ಇರಲಿಲ್ಲವೋ? ಮೇಸ್ತ್ರಿ ಕೈ ಚೆಲ್ಲಿದ. "ಎರಡು ಸಲ ಆಯ್ತು. ಇನ್ನೇನು, ತಾಮ್ರದ ತಗಡಿನ ಮೇಲೆ ಕೆತ್ತಿ ಕಳಿಸಬೇಕಾ?"

ಅವಳು ಹಗ್ಗವನ್ನು ಎರಡು ಸಲ ಜಗ್ಗಿದಳು. ಎರಡು ಜಗ್ಗಿದರೆ ಮೇಲೆ ಬಾ ಎಂದು ಅರ್ಥ. ಒಳಗಿನಿಂದ ಕೊಡದೊಳಗೆ ಮಾತಾಡಿದಂತೆ ಭಾವನ ದನಿ ಬಂತು.

"ಈಗ ತಾನೇ ಇಳಿ ಅಂದೆ, ಈಗ ಹತ್ತು ಅಂತೀಯ. ಅಕ್ಕನ ಬುದ್ಧಿ ನಿಂಗೂ..."

ಬೇರೆ ದಿನವಾಗಿದ್ದರೆ ಆ ಮಾತಿಗೆ ಬಾಲ ಇರುತ್ತಿತ್ತು. ಭಾವ ಹಂಗಿಸುವುದನ್ನು ಅರ್ಧಕ್ಕೆ ಬಿಟ್ಟವರೇ ಅಲ್ಲ. ಅವಳು ಮತ್ತೆ ಜಗ್ಗಿದಳು. ಮರುಜಗ್ಗು ಬರಲಿಲ್ಲ.

"ಭಾವ?"

ಬ್ಲೋವರು ಮಾತ್ರ ಕೂಗುತ್ತಿತ್ತು. ಈಗ ಎಳೆಯುವುದೊಂದೇ ದಾರಿ. ಬಾಯಿಯ ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಅದರಲ್ಲೊಂದು ರಾಟೆ ಇತ್ತು. ಆದರೆ ಎಂಥ ರಾಟೆಯಾದರೂ ದೊಡ್ಡಾಳಿನ ಭಾರ ಅವಳೊಬ್ಬಳಿಂದ ಏಳುವಂಥದ್ದಲ್ಲ. ಮೇಲೆ ಇದ್ದ ಇನ್ನೊಬ್ಬನೆಂದರೆ ಮೇಸ್ತ್ರಿ, ಅವನು ಕೈ ಹಚ್ಚಬೇಕು. ಕೈ ಹಚ್ಚಬೇಕಾದರೆ ಮೊದಲು ನಂಬಬೇಕು.

ಅದೇ ಪದವನ್ನು ಇನ್ನು ಹತ್ತು ಸಲ ಹೇಳಿಸಿದರೂ ಹತ್ತು ಸಲವೂ ತಲೆ ಹೋಗಿಯೇ ಬರುತ್ತದೆ. ತಲೆ ಹೋದರೂ ಸಾಯದ ಪದ ಬೇಕು. ಎಡಗೈಯಲ್ಲಿ ಹಗ್ಗ ಸುತ್ತಿಕೊಂಡು ಅವಳು ಗುಂಡಿ ಒತ್ತಿ, ಒಂದು ಉಸಿರು ತಡೆದಳು.

"ಸರ್. ಡೇಂಜರ್? ಆರ್ ನೋ ಡೇಂಜರ್?"

ಕಟಕ್. "...ಜರ್. ಡೇಂಜರ್. ಡೇಂಜರ್."

 ಮೇಸ್ತ್ರಿ ಹಗ್ಗಕ್ಕೆ ಕೈ ಹಚ್ಚಿದ. ಇಬ್ಬರೂ ಕಾಲು ಊರಿ ಎಳೆದರು. ಮೊದಲು ಹಗ್ಗ ಅಲುಗಲೇ ಇಲ್ಲ. ಒಳಗೆ ಏಣಿಯ ಮೆಟ್ಟಿಲಿಗೆ ಏನೋ ಸಿಕ್ಕಿಕೊಂಡಿತ್ತು.

"ಸಡಿಲಬಿಡು. ಈಗ ಎಳಿ," ಅಂದ ಮೇಸ್ತ್ರಿ.

"ನೀವು ಎಡಕ್ಕೆ ಹೋಗಿ. ಎಡಕ್ಕೆ ಅಂದೆ."

ಬಿಟ್ಟು ಎಳೆದಾಗ ಬಂತು, ಗೇಣುಗೇಣಾಗಿ. ಅವಳ ಅಂಗೈಯ ಚರ್ಮ ಸುಲಿಯಿತು. ಅದು ಗೊತ್ತಾಗಿದ್ದು ಆಮೇಲೆ. ಕೊನೆಗೆ ಭಾವನ ತಲೆ ಕಂಡಿತು, ಎದೆಯ ಮೇಲೆ ಜೋತುಬಿದ್ದಿತ್ತು. ಕಂಕುಳಿಗೆ ಕೈಹಾಕಿ ಇಬ್ಬರೂ ಹೊರಗೆಳೆದು ಕಬ್ಬಿಣದ ಮೇಲೆ ಮಲಗಿಸಿದರು. ತುಟಿ ನೀಲಿಗಟ್ಟಿತ್ತು. ಮೇಸ್ತ್ರಿ ಬ್ಲೋವರಿನ ಕೊಳವೆ ತಿರುಗಿಸಿ ಮುಖಕ್ಕೆ ಗಾಳಿ ಹಿಡಿದ. ಅವಳು ಕೆನ್ನೆ ತಟ್ಟಿದಳು, ಆಮೇಲೆ ಹೊಡೆದಳು, ಆಮೇಲೆ ಚೆನ್ನಾಗಿಯೇ ಹೊಡೆದಳು.

ಎದೆ ಒಮ್ಮೆ ಎದ್ದಿತು. ಕೆಮ್ಮು ಬಂತು, ಅದರ ಹಿಂದೆಯೇ ವಾಂತಿ.

"ಸಾಕು ಕಣೆ," ಅಂದರು ಭಾವ, ಕಣ್ಣು ತೆರೆಯದೆ. "ನಿಮ್ಮಕ್ಕ ಒಬ್ಬಳೇ ಸಾಕು ನಂಗೆ ಹೊಡೆಯೋಕೆ."

ಅವಳು ಅಲ್ಲೇ ಕೂತುಬಿಟ್ಟಳು. 

ಲ್ಯಾಬ್ ಸಾಹೇಬರು ಏಣಿ ಹತ್ತಿ ಓಡಿಬಂದರು, ವಾಕಿಟಾಕಿ ಕೈಯಲ್ಲೇ ಇತ್ತು. ಭಾವನ ನಾಡಿ ಹಿಡಿದು ನೋಡಿ, ಅವಳತ್ತ ತಿರುಗಿ, ತಾನು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದೆ ಎನ್ನುವ ಹಾಗೆ ಆ ಪದ ಹೇಳಿದರು. ಎದುರೆದುರು ಕೇಳಿದರೂ "ಅನ್" ಅನ್ನುವುದು ಸೊಳ್ಳೆಯಷ್ಟೇ ಇತ್ತು. ಅವಳು ಅವರ ಬೆರಳು ಹಿಡಿದು ಗುಂಡಿಯ ಮೇಲೆ ಇಟ್ಟು ಒತ್ತಿ, ತನ್ನ ಮೂಗಿನತ್ತ ತೋರಿಸಿ ಒಂದು ಉಸಿರು ಎಳೆದಳು. ಆಮೇಲೆ ಬಾಯಿ ತೆರೆದು ತೋರಿಸಿದಳು. ಸಾಹೇಬರು ಗುಂಡಿಯನ್ನು ನೋಡಿದರು, ಟ್ಯಾಂಕಿನ ಬಾಯಿ ನೋಡಿದರು. ಆಮೇಲೆ ತಾವೇ ಗುಂಡಿ ಒತ್ತಿ, ಒಂದು ಉಸಿರು ತಡೆದು, ಬಾಯಿ ತೆರೆದರು.

ಹೆಬ್ಬೆರಳು ಎತ್ತಿದ್ದು ತಾನೇ ಎಂದು ಅವಳು ಆ ಸಂಜೆಯೇ ಅಕ್ಕನಿಗೆ ಹೇಳಿದಳು. ಬೇರೆಯವರ ಬಾಯಿಂದ ಹೋದ ಮಾತಿಗೆ ಕಾಲು, ಕೋಡು ಎಲ್ಲ ಮೂಡುತ್ತವೆ.  ಅಕ್ಕ ಅವಳ ಸುಲಿದ ಅಂಗೈಗೆ ಎಣ್ಣೆ ಹಚ್ಚಿದಳು.  ಅವಳ ಜೊತೆ ಮಾತಾಡಿದ್ದು ಮರುವಾರ.

ಟ್ಯಾಂಕು ಆ ಸಂಜೆ ತುಂಬಲಿಲ್ಲ. ಮಾಲೀಕರು ಕೆಲಸವನ್ನು ಬೇರೆ ಗ್ಯಾಂಗಿಗೆ ಕೊಟ್ಟರು. ಭಾವ ಮತ್ತೆ ಯಾವ ಟ್ಯಾಂಕಿಗೂ ಇಳಿಯಲಿಲ್ಲ. ಹೊರಗೆ ಪೈಪು ತೊಳೆಯುವ, ಕಡಿಮೆ ಕೂಲಿಯ ಕೆಲಸ ಹಿಡಿದರು. ಕೆಲಸ ಹೋಯಿತು, ಮನುಷ್ಯ ಉಳಿದ.